ಗಂಗೋತ್ರಿಯಲ್ಲಿ ನಿಮ್ಮ ಜನರನ್ನು ಹುಡುಕಿಕೊಳ್ಳುವುದು ಹೇಗೆ

ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ಎಲ್ಲಕ್ಕಿಂತ ಕೊನೆಗೆ ಬರೆದದ್ದು ಕೃತಜ್ಞತೆಯ ಪುಟ. ಐದು ಅಧ್ಯಾಯ ಮುಗಿಸಿದವಳಿಗೆ ಆ ಒಂದೂವರೆ ಪುಟಕ್ಕೆ ಮೂರು ದಿನ ಬೇಕಾಯಿತು. ಯಾರ ಹೆಸರೂ ಬಿಡುವ ಹಾಗಿರಲಿಲ್ಲ. ಮೊದಲ ವರ್ಷವೇ ಬರೆಯಲು ಕೂತಿದ್ದರೆ ಅಪ್ಪ, ಅವ್ವ, ಗೈಡ್ ಅಂತ ಮೂರೇ ಸಾಲಿಗೆ ಮುಗಿಯುತ್ತಿತ್ತು.

ನಾನು ಸಿಂದಗಿ ಕಡೆಯವಳು. ಇತಿಹಾಸದಲ್ಲಿ ಪಿಎಚ್‌ಡಿ ಮಾಡಲು ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಬಂದೆ. ಎಂಎ ಓದುವಾಗ ಕ್ಲಾಸ್ ಇರುತ್ತದೆ, ಗೆಳತಿಯರು ತಾವಾಗಿಯೇ ಸಿಗುತ್ತಾರೆ. ಪಿಎಚ್‌ಡಿಯಲ್ಲಿ ಕೋರ್ಸ್‌ವರ್ಕ್, ಅಂದರೆ ಶುರುವಿನ ತರಗತಿಗಳು, ಮುಗಿದ ಮರುದಿನದಿಂದ ನೀವು ಎಲ್ಲಿದ್ದೀರಿ, ಉಂಡಿರಾ ಅಂತ ಕೇಳುವವರಿಲ್ಲ. ನಾಲ್ಕು ತಿಂಗಳು ನನ್ನದು ರೂಮಿನಿಂದ ಲೈಬ್ರರಿ, ಲೈಬ್ರರಿಯಿಂದ ರೂಮು. ನನ್ನ ಮಾತು ಕೇಳಿ ಯಾರಾದರೂ 'ಹುಬ್ಬಳ್ಳಿಯವರಾ?' ಅಂದರೆ ಹೌದು ಅಂದುಬಿಡುತ್ತಿದ್ದೆ. (ಇಲ್ಲಿಯವರಿಗೆ ದಾವಣಗೆರೆ ದಾಟಿದರೆ ಎಲ್ಲವೂ ಹುಬ್ಬಳ್ಳಿ.) ತಪ್ಪು ನನ್ನದೇ. ಬಾಯಿ ಬಿಡುತ್ತಿರಲಿಲ್ಲ.

ನೀವು ಹೊಸಬರಾಗಿದ್ದರೆ ಮೊದಲು ಶೋಧಗಂಗಾ ತೆರೆಯಿರಿ, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಜಾಲತಾಣ ಅದು. ಮಾಹಿತಿಗಾಗಿ ಅಲ್ಲ. ನಿಮ್ಮ ಗೈಡ್ ಕೈಕೆಳಗೆ ಮೊದಲು ಪಿಎಚ್‌ಡಿ ಮುಗಿಸಿದವರ ಪ್ರಬಂಧ ಹುಡುಕಿ, ಬರೀ ಕೃತಜ್ಞತೆಯ ಪುಟ ಓದಿ. ಕರಡು ತಿದ್ದಿದವರು ಯಾರು, ದಫ್ತರ ಹುಡುಕಿಕೊಟ್ಟ ಗುಮಾಸ್ತರು ಯಾರು, ಯಾರ ಮನೆಯಲ್ಲಿ ಊಟ ಮಾಡಿದರು, ಎಲ್ಲ ಅಲ್ಲಿರುತ್ತದೆ. ಹಾಗೆ ಸಿಕ್ಕ ಒಬ್ಬ ಸೀನಿಯರ್‌ಗೆ ನಾನು ಮೆಸೇಜ್ ಮಾಡಿದೆ: 'ಅಕ್ಕಾ, ನಿಮ್ಮ ಗೈಡೇ ನನ್ನ ಗೈಡ್. ಹತ್ತು ನಿಮಿಷ ಮಾತಾಡಬಹುದಾ?' ಅರ್ಧ ಗಂಟೆಗೆ ಫೋನ್ ಬಂತು, ಒಂದೂವರೆ ಗಂಟೆ ಮಾತು. ಅವರಿಂದ ಗೊತ್ತಾದದ್ದು: ನಮ್ಮ ಗೈಡ್ ಸರ್ 'ನೋಡೋಣ' ಅಂದರೆ ಬೇಡ ಅಂತ ಅರ್ಥ, 'ಬರಕೊಂಡು ಬಾ' ಅಂದರೆ ಒಪ್ಪಿದ್ದಾರೆ ಅಂತ ಅರ್ಥ. ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ ನೋಡಿ.

ಆಮೇಲೆ ಈಗ ಜೊತೆಗಿರುವವರು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರೊಫೆಸರ್ ಒಬ್ಬರು ಒಂದು ಸಲಕ್ಕೆ 8 ಜನರಿಗೆ ಗೈಡ್ ಆಗಬಹುದು, ಅಸೋಸಿಯೇಟ್ ಆದರೆ 6, ಅಸಿಸ್ಟೆಂಟ್ ಆದರೆ 4. ಅಂದರೆ ನಿಮ್ಮಂತೆಯೇ ಸರ್ ಬಾಗಿಲ ಹೊರಗೆ ಕಾಯುವವರು ಇನ್ನೂ ಕೆಲವರು ಇದ್ದೇ ಇರುತ್ತಾರೆ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕಲ್ವಾ? ಅದಕ್ಕೆ ಎರಡು ದಿನ ಮೊದಲು ಖಾಲಿ ಕ್ಲಾಸ್‌ರೂಮಿನಲ್ಲಿ ಒಬ್ಬರ ಮುಂದೆ ಒಬ್ಬರು ಹೇಳಿ ನೋಡಿ. ನಾವು ಮೂವರು ಹಾಗೆ ಮಾಡಿದೆವು. ಮೊದಲ ಸಲ ನನ್ನ ಧ್ವನಿಯೇ ಹೊರಡಲಿಲ್ಲ. ಎದುರಿಗಿದ್ದವಳು ನೀರಿನ ಬಾಟಲಿ ಕೊಟ್ಟಳು. ಸ್ನೇಹ ಶುರುವಾದದ್ದು ಅಲ್ಲಿಂದ.

'ಯಾವಾಗಾದ್ರೂ ಸಿಗೋಣ' ಅನ್ನಬೇಡಿ. ಯಾರೂ ಸಿಗುವುದಿಲ್ಲ. ದಿನ, ಹೊತ್ತು, ಜಾಗ ಹೇಳಿ. ನಮ್ಮದು ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ. ಕುವೆಂಪು ನಡೆಯುತ್ತಿದ್ದ ಕೆರೆ ಅಂತ ಎಲ್ಲರೂ ಹೇಳುತ್ತಾರೆ. ನಾವು ನಡೆದದ್ದು ಮೆಸ್ಸಿನ ಉಪ್ಪಿಟ್ಟನ್ನು ಬೈಯುತ್ತಾ. ಪಕ್ಕದ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುವ ಹುಡುಗಿಯೊಬ್ಬಳು ಸೇರಿಕೊಂಡಳು. ನಿಮ್ಮ ವಿಭಾಗದ ಹೊರಗಿನ ಒಬ್ಬರಾದರೂ ಬೇಕು. ಅವರಿಗೆ ನಿಮ್ಮ ಗೈಡ್ ಗೊತ್ತಿಲ್ಲ, ನಿಮ್ಮ ಜೊತೆ ಪೈಪೋಟಿ ಇಲ್ಲ. 'ಎರಡೇ ಮಾತಲ್ಲಿ ಹೇಳಿ, ನೀವು ಮಾಡ್ತಿರೋದೇನು?' ಅಂತ ಅವಳು ಕೇಳಿದ್ದಕ್ಕೆ ತಡವರಿಸಿ ಕೊಟ್ಟ ಉತ್ತರವೇ ಮುಂದೆ ನನ್ನ ಪೀಠಿಕೆಯ ಮೊದಲ ಸಾಲಾಯಿತು.

ಇನ್ನು ರೊಟ್ಟಿ. ಊರಿಂದ ಬರುವಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿ ತನ್ನಿ. ಮೊದಲ ಸಲ ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ತಿಂದೆ. ಎರಡನೇ ಸಲ ಬಾಗಿಲು ತೆರೆದಿಟ್ಟೆ. ಕಾರಿಡಾರಿನ ಕೊನೆಯ ರೂಮಿನಿಂದ ಕಲಬುರಗಿಯವಳು ವಾಸನೆ ಹಿಡಿದೇ ಬಂದಳು! ಆಮೇಲೆ ರಾಯಚೂರಿನವಳು. ಹಾಗಂತ ಊರಿನವರ ಗುಂಪಿನಲ್ಲೇ ಉಳಿದುಬಿಡಬೇಡಿ. ಮುದ್ದೆ ನುಂಗುವುದನ್ನು ನನಗೆ ಕಲಿಸಿದ್ದು ಮಳವಳ್ಳಿಯ ರೂಮ್‌ಮೇಟ್.

ದುಡ್ಡಿನ ಮಾತನ್ನು ಮುಚ್ಚಿಡಬೇಡಿ. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಇದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಏನೂ ಇಲ್ಲದವರು ಪಾಠ ಹೇಳಿಕೊಂಡು ಓದುತ್ತಾರೆ. ನಮ್ಮ ಗುಂಪಿನಲ್ಲಿ ಚಹಾದ ಬಿಲ್ ಯಾವಾಗಲೂ ಜೆಆರ್‌ಎಫ್‌ನವರದು.

ಗೆಳತಿಯರಿಂದ ಆಗದ ಕೆಲಸವೂ ಇರುತ್ತದೆ. ಮೂರನೇ ವರ್ಷ ನನಗೆ ಎರಡು ವಾರ ನಿದ್ದೆ ಬರಲಿಲ್ಲ, ಹಾಸಿಗೆಯಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ರೂಮ್‌ಮೇಟೇ ಪಕ್ಕದಲ್ಲಿ ಕೂತು 14416ಕ್ಕೆ ಫೋನ್ ಹಚ್ಚಿಕೊಟ್ಟಳು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಮೊದಲ ಐದು ನಿಮಿಷ ಬರೀ ಅತ್ತೆ. ಅವರು ಕಾದರು.

ಯಾರಾದರೂ ಕಾಡಿಸುತ್ತಿದ್ದರೆ ಅದು ಬೇರೆ ದಾರಿ. ಲೈಂಗಿಕ ಕಿರುಕುಳವಾದರೆ ಆಂತರಿಕ ದೂರು ಸಮಿತಿ. ಉಳಿದ ತಕರಾರಿಗೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಅಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿ ಕೇಳುವ ಒಂಬುಡ್ಸ್‌ಪರ್ಸನ್. ಕುಂದುಕೊರತೆ ಸಮಿತಿ, ಒಂಬುಡ್ಸ್‌ಪರ್ಸನ್ ಎರಡೂ ಯುಜಿಸಿಯ 2023ರ ನಿಯಮದಲ್ಲಿವೆ. ಬರವಣಿಗೆಯಲ್ಲೇ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ, ಒಬ್ಬರೇ ಹೋಗಬೇಡಿ.

ಕೊನೆಗೆ ಡಿಟಿಪಿ ಅಂಗಡಿ, ಟೈಪ್ ಮಾಡಿ ಪುಟ ಜೋಡಿಸಿಕೊಡುವ ಜಾಗ. ಕನ್ನಡದಲ್ಲಿ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಅಲ್ಲಿಗೆ ಬರಲೇಬೇಕು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡಿಗೆ ಬದಲಿಸಿದರೆ ಒತ್ತಕ್ಷರ ಹಾರಿಹೋಗುತ್ತವೆ, ಅದನ್ನು ಸರಿಮಾಡಿಸಲು ಸಾಲು ನಿಲ್ಲಬೇಕು. ಪ್ರಬಂಧ ಕೊಡುವ ತಿಂಗಳು ಕಾಯದೆ, ಮೊದಲ ವರ್ಷವೇ ಹೋಗಿ ಅಲ್ಲಿಯ ಸ್ಟೂಲಿನ ಮೇಲೆ ಕೂತುಕೊಳ್ಳಿ. ಯಾರ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಯಾವಾಗ, ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ನನ್ನ ಕೃತಜ್ಞತೆಯ ಪುಟ ಜೋಡಿಸುವಾಗ ಡಿಟಿಪಿ ಅಣ್ಣ ಒಂದು ಸಾಲಿನಲ್ಲಿ ನಿಂತರು. ಅವರ ಹೆಸರಿನಲ್ಲಿ ನಾನೊಂದು ದೀರ್ಘ ಬಿಟ್ಟಿದ್ದೆ. ಏನೂ ಅನ್ನದೆ ಅವರೇ ಹಾಕಿಕೊಂಡರು.