ಎಎನ್‌ಎ ಸ್ಲೈಡ್ ಓದುತ್ತಾ ಕಲಿತದ್ದು: ನನ್ನ ಅನುಭವ

ಎಎನ್‌ಎ ಸ್ಲೈಡ್ ನೋಡುವ ದಿನ ಲೈಟ್ ಆರಿಸಿ ಹತ್ತು ನಿಮಿಷ ಸುಮ್ಮನೆ ಕೂರುತ್ತೇನೆ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೇ ಮೈಕ್ರೋಸ್ಕೋಪ್ ಮುಟ್ಟುವುದು. ಹುಬ್ಬಳ್ಳಿಯ ಲ್ಯಾಬ್ ಒಂದರಲ್ಲಿ ಪೆಥಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಲೂಪಸ್, ಶೋಗ್ರೆನ್, ಸ್ಕ್ಲೆರೋಡರ್ಮ, ಸಂಧಿವಾತ ಇರಬಹುದೆಂದು ಅನುಮಾನಪಟ್ಟು ಡಾಕ್ಟರುಗಳು ಕಳಿಸುವ ರಕ್ತ ನನ್ನ ಟೇಬಲ್ಲಿಗೆ ಬರುತ್ತದೆ. ಈ ಕಾಯಿಲೆಗಳಲ್ಲಿ ದೇಹ ತನ್ನದೇ ಕೋಶಗಳ ಮೇಲೆ ಆಂಟಿಬಾಡಿ ತಯಾರಿಸುತ್ತದೆ. ಅವನ್ನೇ ಆಟೋಆಂಟಿಬಾಡಿ ಅನ್ನುವುದು, ನಾನು ಹುಡುಕುವುದೂ ಅವನ್ನೇ. ಅವುಗಳಲ್ಲಿ ಕೋಶಕೇಂದ್ರಕ್ಕೆ ಅಂಟುವಂಥವು ಎಎನ್‌ಎ (ಆಂಟಿನ್ಯೂಕ್ಲಿಯರ್ ಆಂಟಿಬಾಡಿ).

ಕೆಲಸ ಹೀಗೆ. ಗಾಜಿನ ಸ್ಲೈಡಿನ ಮೇಲೆ ಹೆಪ್-2 ಎಂಬ ಮನುಷ್ಯ ಕೋಶಗಳ ತೆಳು ಪದರ ಇರುತ್ತದೆ. ಸೀರಮ್ಮನ್ನು 1:80ಕ್ಕೆ ತೆಳುವಾಗಿಸಿ ಅದರ ಮೇಲೆ ಹನಿಸಿ ಅರ್ಧ ಗಂಟೆ ಬಿಡಬೇಕು. ರಕ್ತದಲ್ಲಿ ಆಟೋಆಂಟಿಬಾಡಿ ಇದ್ದರೆ ಕೋಶಕ್ಕೆ ಅಂಟಿಕೊಳ್ಳುತ್ತದೆ. ತೊಳೆದು, ಹಸಿರು ಹೊಳೆಯುವ ಬಣ್ಣ ಹತ್ತಿಸಿದ ಎರಡನೇ ಆಂಟಿಬಾಡಿ ಹಾಕಿ ಮತ್ತೆ ಅರ್ಧ ಗಂಟೆ, ಮತ್ತೆ ತೊಳೆಯುವುದು. ಸ್ಲೈಡಿನ ಮೇಲೆ ಸೀರಮ್ ಹನಿಸುವ ಪುಟ್ಟ ಗುಂಡಿಗೆ ಬಾವಿ ಅನ್ನುತ್ತೇವೆ. ಇಷ್ಟರಲ್ಲಿ ಒಂದು ಬಾವಿ ಒಣಗಿದರೂ ಆ ಬಾವಿ ಕೆಟ್ಟಂತೆಯೇ. ಅದಕ್ಕೇ ಒದ್ದೆ ಟಿಶ್ಯೂ ಹಾಸಿದ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ.

ಹೊಳಪು ಕಂಡಿತು ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೇಗೆ ಹೊಳೆಯುತ್ತಿದೆ ಎಂಬುದು ಮುಖ್ಯ. ಕೋಶಕೇಂದ್ರದ ತುಂಬ ಸಮನಾಗಿ ಹಬ್ಬಿದ್ದರೆ ಲೂಪಸ್ ಕಡೆಗೆ ಯೋಚನೆ ಹೋಗುತ್ತದೆ, ಡಿಎಸ್‌ಡಿಎನ್‌ಎ (ಎರಡೆಳೆ ಡಿಎನ್‌ಎ) ಮೇಲಿನ ಆಂಟಿಬಾಡಿ ನೋಡುತ್ತೇವೆ. ಸಾಸಿವೆ ಚೆಲ್ಲಿದಂತೆ ಬಿಡಿಬಿಡಿಯಾಗಿ 40ರಿಂದ 80 ಚುಕ್ಕೆ ಕಂಡರೆ ಸೆಂಟ್ರೊಮಿಯರ್, ಅಂದರೆ ಕ್ರೋಮೊಸೋಮಿನ ಗಂಟಿಗೆ ಅಂಟುವ ಆಂಟಿಬಾಡಿ; ಸ್ಕ್ಲೆರೋಡರ್ಮದ ಅನುಮಾನ ಬರುತ್ತದೆ. ಆಗ ಆ ರೋಗಿಯ ಬೆರಳು ಚಳಿಗೆ ಬಿಳಿಚುತ್ತದೆಯೇ, ಚರ್ಮ ಬಿಗಿಯುತ್ತಿದೆಯೇ ಎಂದು ಡಾಕ್ಟರನ್ನು ಕೇಳುತ್ತೇನೆ. ಇನ್ನೊಂದಿದೆ, ಸಣ್ಣ ರವೆ ಎರಚಿದಂಥ ದಟ್ಟ ಚುಕ್ಕೆ. ಎರಡಾಗಿ ಒಡೆಯುತ್ತಿರುವ ಕೋಶದ ಕ್ರೋಮೊಸೋಮ್ ಪಟ್ಟಿಯ ಮೇಲೂ ಅದೇ ರವೆ ಹೊಳೆಯುತ್ತದೆ. ಡಿಎಫ್‌ಎಸ್-70 ಎನ್ನುವ ಈ ಆಂಟಿಬಾಡಿ ಒಂದೇ ಇದ್ದು ಬೇರೇನೂ ಇಲ್ಲದಿದ್ದರೆ ಸಂಧಿವಾತದ ಗುಂಪಿನ ಕಾಯಿಲೆ ಇರುವುದು ಅಪರೂಪ.

ಅದನ್ನು ನೋಡಿದಾಗಲೆಲ್ಲ ಬಿ.ಎಡ್. ಓದುತ್ತಿದ್ದ ಒಬ್ಬ ಹುಡುಗಿ ನೆನಪಾಗುತ್ತಾಳೆ. ಬೇರೆ ಕಡೆ ಮಾಡಿಸಿದ ರಿಪೋರ್ಟಿನಲ್ಲಿ 'ಎಎನ್‌ಎ ಪಾಸಿಟಿವ್' ಎಂದಷ್ಟೇ ಇತ್ತು. ಯಾವ ಪ್ಯಾಟರ್ನ್, ಎಷ್ಟು ಟೈಟರ್ (ಎಷ್ಟು ತೆಳುವಾಗಿಸಿದರೂ ಹೊಳೆಯುತ್ತದೆ ಎಂಬ ಅಳತೆ), ಒಂದೂ ಇಲ್ಲ. ಸುಸ್ತು, ಕೂದಲು ಉದುರುವುದು, ಮೈಕೈ ನೋವು. ಆಕೆಯ ತಾಯಿ ಕೌಂಟರಿನಲ್ಲೇ ಅಳುತ್ತಿದ್ದರು: "ಮೇಡಂ, ಮಗಳಿಗೆ ಲೂಪಸ್ ಐತಂತ್ರಿ, ಜೀವನಪೂರ್ತಿ ಗುಳಿಗಿ ನುಂಗಬೇಕಂತ. ಮದುವಿ ಹ್ಯಾಂಗ್ ಮಾಡೋದ್ರಿ?" ಸ್ಲೈಡ್ ಮಾಡಿದೆವು. 1:80ರಲ್ಲಿ ಅದೇ ರವೆ. ಡಿಎಸ್‌ಡಿಎನ್‌ಎ ಇಲ್ಲ, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಹಿಮೋಗ್ಲೋಬಿನ್ ಮಾತ್ರ 8, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ತಳ ಕಂಡಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ಮೂರು ತಿಂಗಳಿಗೆ ಹುಡುಗಿ ಕಾಲೇಜಿನ ಮೆಟ್ಟಿಲು ಏದುಸಿರಿಲ್ಲದೆ ಹತ್ತಿದಳು.

1997ರಲ್ಲಿ ಹಲವು ಲ್ಯಾಬುಗಳು ಸೇರಿ ಆರೋಗ್ಯವಂತರ ರಕ್ತ ಪರೀಕ್ಷಿಸಿದ್ದವು. 1:40ರಲ್ಲಿ ಸುಮಾರು ಶೇ. 32, 1:80ರಲ್ಲಿ ಶೇ. 13, 1:160ರಲ್ಲಿ ಶೇ. 5, 1:320ರಲ್ಲಿ ಶೇ. 3 ಮಂದಿಗೆ ಎಎನ್‌ಎ ಪಾಸಿಟಿವ್ ಬಂದಿತ್ತು. ಕಾಯಿಲೆಯ ಲಕ್ಷಣವೇ ಇಲ್ಲದವರಿಗೆ ಈ ಪರೀಕ್ಷೆಯನ್ನು ಪ್ಯಾಕೇಜಿನಲ್ಲಿ ಸೇರಿಸಿ ಮಾರುವುದು ನನಗೆ ಸರಿಯೆನಿಸುವುದೇ ಇಲ್ಲ. ಲೂಪಸ್ಸಿಗೆಂದು 2019ರಲ್ಲಿ ಬಂದ ಮಾನದಂಡದಲ್ಲೂ 1:80ರ ಎಎನ್‌ಎ ಬರೀ ಒಳಗೆ ಬರುವ ಬಾಗಿಲು. ಅದಾದ ಮೇಲೆ ಕಿಡ್ನಿ, ಚರ್ಮ, ಕೀಲು, ರಕ್ತ ಎಲ್ಲವನ್ನೂ ನೋಡಿ ಅಂಕ ಕೂಡಿಸಬೇಕು.

ರುಮಟಾಯ್ಡ್ ಸಂಧಿವಾತಕ್ಕೆಂದು ನೋಡುವ ಆರ್‌ಎ ಫ್ಯಾಕ್ಟರಿನ ಕತೆಯೂ ಹೆಚ್ಚುಕಡಿಮೆ ಇದೇ. ಕ್ಷಯ, ಕುಷ್ಠ, ಹೆಪಟೈಟಿಸ್-ಸಿ ಇದ್ದವರಲ್ಲೂ, ಬರೀ ವಯಸ್ಸಾದವರಲ್ಲೂ ಅದು ಬರುತ್ತದೆ. ಅದೇ ಕಾಯಿಲೆಗೆ ನೋಡುವ ಸಿಸಿಪಿ ಆಂಟಿಬಾಡಿ ಅದಕ್ಕಿಂತ ನಂಬಿಕಸ್ತ. ಕೀಲು ಊದುವುದಕ್ಕೆ ಕೆಲವು ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಲೂಬಹುದು. ಆದರೆ ಎರಡೂ ನೆಗೆಟಿವ್ ಇದ್ದೂ ರುಮಟಾಯ್ಡ್ ಸಂಧಿವಾತ ಇರುವವರು ಐದರಲ್ಲಿ ಒಬ್ಬರಾದರೂ ಸಿಗುತ್ತಾರೆ. ಬೆಳಗಿನ ಹೊತ್ತು ಬೆರಳು ಮಡಚಲಾಗದೆ ಒಂದು ಗಂಟೆ ಒದ್ದಾಡುವವರನ್ನು 'ರಿಪೋರ್ಟ್ ನಾರ್ಮಲ್' ಎಂದು ವಾಪಸ್ ಕಳಿಸಬಾರದು.

ಇನ್ನು ನನ್ನದೇ ತಪ್ಪು ಒಂದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸಿನ ರಕ್ತ ಬಂತು. ನೆಲದಿಂದ ಏಳಲಾಗದು, ಮೆಟ್ಟಿಲು ಹತ್ತಿದರೆ ದಮ್ಮು, ಬೆರಳ ಅಂಚು ಒಡೆದು ಒರಟಾಗಿದೆ ಎಂದು ಚೀಟಿಯಲ್ಲಿತ್ತು. ಕೆಲಸದಿಂದಲೇ ಬೆರಳು ಒಡೆದಿರಬೇಕು ಅಂದುಕೊಂಡೆ. ಸ್ಲೈಡಿನಲ್ಲಿ ಕೋಶಕೇಂದ್ರಗಳೆಲ್ಲ ಕಪ್ಪಾಗಿದ್ದವು. ನೆಗೆಟಿವ್ ಎಂದು ಬರೆದು ಕಳಿಸಿದೆ. ಸಂಜೆ ರುಮಟಾಲಜಿಸ್ಟ್ (ಇಂಥ ಕಾಯಿಲೆಗಳ ತಜ್ಞ ಡಾಕ್ಟರು) ಫೋನ್ ಮಾಡಿದರು. ದನಿ ಏರಿಸದೆ ಕೇಳಿದ್ದು ಇಷ್ಟೇ: "ಮೇಡಂ, ಕೇಂದ್ರದ ಹೊರಗೆ ಏನಿದೆ ನೋಡಿದಿರಾ?"

ಫ್ರಿಜ್ಜಿನಲ್ಲಿಟ್ಟಿದ್ದ ಸ್ಲೈಡ್ ತೆಗೆದು ಮತ್ತೆ ಕತ್ತಲಲ್ಲಿ ಕೂತೆ. ಕೇಂದ್ರ ಕಪ್ಪು, ನಿಜ. ಆದರೆ ಅದರ ಸುತ್ತ, ಸೈಟೊಪ್ಲಾಸಮ್ಮಿನ ತುಂಬ, ಸಣ್ಣ ಹಿಟ್ಟು ಜರಡಿ ಹಿಡಿದಂತೆ ನಯವಾದ ಹಸಿರು ಪುಡಿ. ಮೊದಲೂ ಅದು ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಯಾವ ಆಟೋಆಂಟಿಬಾಡಿ ಎಂದು ಗೆರೆ ಮೂಡಿಸಿ ತೋರಿಸುವ ಬ್ಲಾಟ್ ಪಟ್ಟಿಯನ್ನು ಮರುದಿನ ಹಾಕಿದೆವು. ಜೋ-1 ಗೆರೆ ಎದ್ದು ಬಂತು, ಪಕ್ಕದಲ್ಲಿ ರೋ-52 ಕೂಡ. ಸ್ನಾಯುವನ್ನೂ ಶ್ವಾಸಕೋಶವನ್ನೂ ಒಟ್ಟಿಗೆ ಹಿಡಿಯುವ ಕಾಯಿಲೆಯ ಗುರುತು ಜೋ-1. ಬೆರಳ ಅಂಚು ಒಡೆಯುವುದೂ ಅದರದೇ ಲಕ್ಷಣ. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ತಳಭಾಗ ಆಗಲೇ ಗಟ್ಟಿಯಾಗತೊಡಗಿತ್ತು. ರಿಪೋರ್ಟ್ ತಿದ್ದಿ ನಾನೇ ಕೈಯಾರೆ ತಲುಪಿಸಿ ಬಂದೆ. ಅಂದಿನಿಂದ ಸೈಟೊಪ್ಲಾಸಮ್ಮಿಗೆ ರಿಪೋರ್ಟಿನಲ್ಲಿ ಬೇರೆ ಸಾಲು ಇಟ್ಟಿದ್ದೇನೆ. ಈ ಪ್ಯಾಟರ್ನಿಗೆ ಈಗ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎಸಿ-20 ಎಂಬ ಸಂಖ್ಯೆಯಿದೆ. ನಮ್ಮ ಹುಡುಗರಿಗೆ ಅದನ್ನು ಕಲಿಸುವಾಗ ಆ ರೊಟ್ಟಿ ಬಡಿಯುವ ಕೈಗಳ ವಿಷಯವನ್ನೂ ಹೇಳುತ್ತೇನೆ.

ಸ್ಲೈಡ್ ನಿಜವಾಗಿಯೇ ಮಂಕಾಗಿದ್ದು ಮೋಸ ಮಾಡುವುದೂ ಉಂಟು. ರೋ ಆಂಟಿಬಾಡಿ ಕೆಲವೊಮ್ಮೆ ಹೆಪ್-2 ಮೇಲೆ ಸರಿಯಾಗಿ ಹೊಳೆಯುವುದಿಲ್ಲ. ಮೊದಲ ಮಗು ಹೃದಯದ ಬಡಿತ ತೀರಾ ನಿಧಾನವಾಗಿ ಹುಟ್ಟಿ, ಆ ಮಗುವಿಗೆ ಪೇಸ್‌ಮೇಕರ್ ಹಾಕಿಸಬೇಕಾಗಿ ಬಂದಿದ್ದ ತಾಯಿಯೊಬ್ಬರು ಎರಡನೇ ಬಸಿರಿಗೆ ಮುಂಚೆ ಬಂದರು. ಅವರಿಗೆ ಸ್ವತಃ ಏನೂ ತೊಂದರೆ ಇರಲಿಲ್ಲ. ಎಎನ್‌ಎ ಹೌದೋ ಅಲ್ಲವೋ ಎನ್ನುವಷ್ಟು ಮಂಕು. ಮಗುವಿನ ವಿಷಯ ಚೀಟಿಯಲ್ಲಿ ಬರೆದಿದ್ದರಿಂದ ಬ್ಲಾಟ್ ಹಾಕಿದೆ. ರೋ-60 ಪಟ್ಟಿ ದಪ್ಪಗೆ ಮೂಡಿತು. ಈ ಆಂಟಿಬಾಡಿ ಮಾಸು ದಾಟಿ ಮಗುವಿನ ಹೃದಯದ ವಿದ್ಯುತ್ ದಾರಿಯನ್ನು ಕೆಡಿಸಬಲ್ಲದು. ರೋ ಇರುವ ತಾಯಂದಿರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಮಕ್ಕಳಿಗೆ ಹೀಗಾಗುತ್ತದೆ. ಒಂದು ಮಗುವಿಗೆ ಆಗಿದ್ದರೆ ಮುಂದಿನದಕ್ಕೆ ಆ ಅಪಾಯ ನೂರಕ್ಕೆ ಹದಿನಾರು ಹದಿನೆಂಟಕ್ಕೆ ಏರುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಅದನ್ನು ಇಳಿಸಬಲ್ಲದು.

ಮಾತ್ರೆ ಶುರುವಾಯಿತು. ನಾಲ್ಕನೇ ತಿಂಗಳಿಂದ ಆರನೇ ತಿಂಗಳವರೆಗೆ ವಾರ ವಾರ ಹೊಟ್ಟೆಯೊಳಗಿನ ಮಗುವಿನ ಎಕೋ ಆಯಿತು. ಹೆರಿಗೆಯಾಗಿ ಎರಡು ತಿಂಗಳಿಗೆ ಮಗುವನ್ನು ಎತ್ತಿಕೊಂಡು ಲ್ಯಾಬಿಗೇ ಬಂದರು, ಇಸಿಜಿ ತೋರಿಸಲಿಕ್ಕೆ. "ನಿಮಿಷಕ್ಕ ನೂರಾ ನಲವತ್ನಾಕು ಐತಂತ ನೋಡ್ರಿ ಮೇಡಂ" ಎಂದು ಕಾಗದ ನನ್ನ ಕೈಗಿಟ್ಟರು. ಅವರ ರಕ್ತದಲ್ಲಿ ರೋ-60 ಪಟ್ಟಿ ಇವತ್ತಿಗೂ ಅಷ್ಟೇ ದಪ್ಪ.