ಕಾಂಕ್ರೀಟ್ ರಸ್ತೆಯಲ್ಲಿ ಕಡಿಮೆ ಖರ್ಚಿನ ಸುರಕ್ಷತೆ: ನಾವು ಮಾಡುವ ಕ್ರಮ

ಮಂಗಳೂರಿನ ಪಿ.ವಿ.ಎಸ್–ಲಾಲ್‌ಬಾಗ್ ರಸ್ತೆಯಂಥ, ನಡುವೆ ಡಿವೈಡರ್ ಇರುವ ರಸ್ತೆಗೆ ಯೋಜನೆ ಹಾಕುವಾಗ ಮೊದಲು ಸಂಚಾರ ಪೊಲೀಸರಿಂದ ಮೂರು ವರ್ಷದ ಅಪಘಾತ ವಿವರ ತರಿಸುತ್ತೇವೆ. ಹೆದ್ದಾರಿಯಲ್ಲಿ ಬ್ಲ್ಯಾಕ್‌ಸ್ಪಾಟ್ (ಪದೇಪದೇ ಅಪಘಾತವಾಗುವ ಜಾಗ) ಎನಿಸಿಕೊಳ್ಳಲು 500 ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿರಬೇಕು. ಪೇಟೆ ರಸ್ತೆಗೆ ಅಲ್ಲಿಯವರೆಗೆ ಕಾಯುವಂತಿಲ್ಲ. ಸಣ್ಣಪುಟ್ಟ ಡಿಕ್ಕಿಗಳನ್ನೂ ನಕ್ಷೆಗೆ ಹಾಕಬೇಕು. ಅವು ಕಡತದಲ್ಲಿರುವುದಿಲ್ಲ, ರಿಕ್ಷಾ ಪಾರ್ಕಿನವರನ್ನು ಕೇಳಿದರೆ ಸಿಗುತ್ತವೆ.

ವೇಗ ಅಳೆಯಲು ದುಬಾರಿ ಉಪಕರಣ ಬೇಡ. 30 ಮೀಟರ್ ಅಂತರದಲ್ಲಿ ಎರಡು ಗೆರೆ, ಮೊಬೈಲಿನ ಸ್ಟಾಪ್‌ವಾಚ್ ಸಾಕು. 108ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ, 3.6 ಸೆಕೆಂಡಾದರೆ 30. ರಸ್ತೆ ಖಾಲಿ ಇರುವ ಹೊತ್ತಿನಲ್ಲಿ 100 ವಾಹನ ಅಳೆದು, ನಿಧಾನದಿಂದ ವೇಗಕ್ಕೆ ಜೋಡಿಸಿ, 85ನೆಯದರ ವೇಗವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ, ಅಂದರೆ ನೂರರಲ್ಲಿ 85 ವಾಹನ ಆ ವೇಗದೊಳಗೇ ಓಡುತ್ತವೆ. ಸರಾಸರಿ ನಂಬುವಂಥದ್ದಲ್ಲ.

ಬೀದಿದೀಪಕ್ಕೆ ಅಡ್ಡ ಬಂದ ಕೊಂಬೆ, ಫಲಕ ಮುಚ್ಚಿದ ಫ್ಲೆಕ್ಸ್ ಮೊದಲು ತೆಗೆಸಿ. ಆಮೇಲೆ ಬಸ್ ನಿಲ್ದಾಣ. ಸಿಟಿ ಬಸ್ಸು ಜೀಬ್ರಾ ಪಟ್ಟೆಗಿಂತ ಮೊದಲೇ ನಿಂತರೆ, ಅದರ ಮುಂದಿನಿಂದ ದಾಟುವವರು ಓವರ್‌ಟೇಕ್ ಮಾಡುವ ಬೈಕಿಗೆ ಕಾಣುವುದೇ ಇಲ್ಲ. ನಿಲ್ದಾಣವನ್ನು ಪಟ್ಟೆ ದಾಟಿದ ಮೇಲಕ್ಕೆ ಸರಿಸಿದರೆ ಬಸ್ಸಿನ ಹಿಂದೆಯೇ ದಾಟಬಹುದು. ಒಂದು ಕಂಬ, ಒಂದಿಷ್ಟು ಬಣ್ಣದ ಖರ್ಚು. ಕಂಡಕ್ಟರುಗಳನ್ನು ಒಪ್ಪಿಸುವುದೇ ಕಷ್ಟದ ಭಾಗ. ಜನ ನಿತ್ಯ ದಾಟುವ ಕಡೆ ಡಿವೈಡರಿಗೆ ಗ್ರಿಲ್ ಹಾಕಿದರೆ ಅದನ್ನು ಮುರಿದೇ ದಾಟುತ್ತಾರೆ. ಅಲ್ಲಿ 2 ಮೀಟರ್ ಅಗಲಕ್ಕೆ ಕತ್ತರಿಸಿ, ರಸ್ತೆ ಮಟ್ಟಕ್ಕೇ ದಾರಿ ಬಿಡುವುದು ಲೇಸು.

ಬಣ್ಣದಲ್ಲೇ ಹೆಚ್ಚು ಹಣ ಪೋಲಾಗುವುದು. ಡಿವೈಡರಿನ ಒಂದು ಬದಿಯ 7 ಮೀಟರ್ ಅಗಲದ ರಸ್ತೆಗೆ ಜೀಬ್ರಾ ಎಳೆಯಲು ಅರ್ಧ ಮೀಟರ್ ಅಗಲ, 3 ಮೀಟರ್ ಉದ್ದದ 7 ಪಟ್ಟೆ ಬೇಕು, ಅಂದರೆ 10.5 ಚದರ ಮೀಟರ್. ಥರ್ಮೋಪ್ಲಾಸ್ಟಿಕ್ (ಕಾಯಿಸಿ ಕರಗಿಸಿ ಹಾಕುವ ಬಣ್ಣ) 2.5 ಮಿ.ಮೀ. ದಪ್ಪಕ್ಕೆ ಸುಮಾರು 50 ಕಿಲೋ, ರಾತ್ರಿ ಹೊಳೆಯಲು ಮೇಲೆ ಚದರ ಮೀಟರಿಗೆ 250 ಗ್ರಾಂ ಗಾಜಿನ ಮಣಿ. ಡಾಮರಿನ ಮೇಲೆ ಅದು ಕರಗಿ ಅಂಟಿಕೊಳ್ಳುತ್ತದೆ, ಕಾಂಕ್ರೀಟಿಗೆ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಬಳಿಯುವ ಲೇಪ) ಇಲ್ಲದಿದ್ದರೆ ಹಪ್ಪಳದ ಹಾಗೆ ಏಳುತ್ತದೆ. ಗುತ್ತಿಗೆದಾರರು ಉಳಿಸಲು ನೋಡುವುದೂ ಆ ಪ್ರೈಮರನ್ನೇ. ದಪ್ಪ ಪರೀಕ್ಷಿಸಲು ಪಟ್ಟೆ ಎಳೆಯುವ ದಾರಿಯಲ್ಲಿ ತಗಡಿನ ತುಂಡಿಟ್ಟು, ಆಮೇಲೆ ತೆಗೆದು ಅಳೆಯಿರಿ. ಒದ್ದೆ ನೆಲದ ಮೇಲೆ ಬಣ್ಣ ನಿಲ್ಲದು. ಈ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು.

ವಾಹನ ನಿಧಾನಿಸಲಿ ಎಂದು ತಿರುವನ್ನು ಬಿಗಿ ಮಾಡುವುದಿದ್ದರೆ ಕೂಡಲೇ ಕರ್ಬ್ (ರಸ್ತೆ ಅಂಚಿನ ಕಟ್ಟೆ) ಕಟ್ಟಬೇಡಿ. ಎರಡು ವಾರ ಕೋನ್ ಇಟ್ಟು, ಉದ್ದದ ಬಸ್ಸು ತಿರುಗುತ್ತದೆಯೇ ನೋಡಿ.

ಹಂಪ್ ಕೊನೆಯ ಅಸ್ತ್ರ. ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರದ ದುಂಡು ಹಂಪ್ ವೇಗವನ್ನು ಗಂಟೆಗೆ 25 ಕಿ.ಮೀ. ಆಸುಪಾಸಿಗೆ ಇಳಿಸುತ್ತದೆ. ಬೋಲ್ಟ್ ಹಾಕಿದ ರಬ್ಬರಿನದು ಬೇಡ, ತುಂಡು ಕಿತ್ತುಹೋಗಿ ಬೋಲ್ಟ್ ಮಾತ್ರ ಮೇಲೆದ್ದು ನಿಲ್ಲುತ್ತದೆ. ಚರಂಡಿಯ ಬದಿಯಲ್ಲಿ ನೀರು ಹರಿಯಲು ಜಾಗ ಬಿಟ್ಟು, ಅದಕ್ಕೆ ಕಬ್ಬಿಣದ ಜಾಲರಿ ಹಾಕಿಸಿ. ಇಲ್ಲದಿದ್ದರೆ ಜೂನ್‌ನಲ್ಲಿ ಹಂಪಿನ ಹಿಂದೆ ನೀರು ನಿಂತು, ಬೈಕಿನವರಿಗೆ ಹಂಪೇ ಕಾಣುವುದಿಲ್ಲ.