ಚದುರಿದ ಅಂಕಿಗಳನ್ನು ಸಮ ಅಂತರದ ಆವೃತ್ತಿ ಪಟ್ಟಿಗೆ ಇಳಿಸುವುದು ಹೇಗೆ?

ಮೂವತ್ತು ಜನರ ನಾಡಿಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಸಿಕ್ಕ ಕ್ರಮದಲ್ಲೇ ಬರೆದುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ:

72, 65, 81, 77, 69, 74, 88, 70, 62, 79
75, 83, 71, 68, 91, 76, 80, 73, 66, 78
58, 85, 74, 70, 82, 67, 95, 73, 79, 60

ಇವರಲ್ಲಿ ಹೆಚ್ಚಿನವರ ನಾಡಿ ಎಷ್ಟರ ಆಸುಪಾಸಿನಲ್ಲಿದೆ? ಈ ಸಾಲುಗಳನ್ನು ಎಷ್ಟು ದಿಟ್ಟಿಸಿದರೂ ಉತ್ತರ ಹೊಳೆಯುವುದಿಲ್ಲ. ಅಂಕಿಗಳನ್ನು ಗುಂಪು ಮಾಡಿ, ಯಾವ ಗುಂಪಿನಲ್ಲಿ ಎಷ್ಟಿವೆ ಎಂದು ಎಣಿಸಿದರೆ ಐದೇ ನಿಮಿಷದಲ್ಲಿ ಸಿಗುತ್ತದೆ. ಗುಂಪಿಗೆ ವರ್ಗಾಂತರ ಎಂದೂ ಅದರೊಳಗಿನ ಎಣಿಕೆಗೆ ಆವೃತ್ತಿ ಎಂದೂ ಹೆಸರು.

ಮೊದಲ ಕೆಲಸ ಸುಲಭದ್ದು. ಅತಿ ಚಿಕ್ಕ ಮತ್ತು ಅತಿ ದೊಡ್ಡ ಅಂಕಿಗಳನ್ನು ಹುಡುಕಿ. ಇಲ್ಲಿ 58 ಮತ್ತು 95. ಕಳೆದರೆ 37, ಅದೇ ವ್ಯಾಪ್ತಿ.

ಗುಂಪು ಎಷ್ಟು ಅಗಲವಿರಬೇಕು?

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದದ್ದು ಇಲ್ಲಿ ಮಾತ್ರ. ಗಾತ್ರವನ್ನು 20 ಎಂದು ಇಟ್ಟುಕೊಂಡರೆ 40–59ರಲ್ಲಿ ಒಬ್ಬರು, 60–79ರಲ್ಲಿ 21 ಮಂದಿ, 80–99ರಲ್ಲಿ 8 ಮಂದಿ. ಮೂರೇ ಸಾಲು, ವಿವರವೆಲ್ಲ ಮಾಯ. ಗಾತ್ರವನ್ನು 1 ಎಂದರೆ 38 ಸಾಲುಗಳಾಗಿ, ಹೆಚ್ಚಿನವುಗಳಲ್ಲಿ ಸೊನ್ನೆ ಇಲ್ಲವೇ ಒಂದು ಇರುತ್ತದೆ. ಪಟ್ಟಿ ಮಾಡಿಯೂ ಪ್ರಯೋಜನವಿಲ್ಲ. ಹರ್ಬರ್ಟ್ ಸ್ಟರ್ಜಸ್ 1926ರಲ್ಲಿ ಕೊಟ್ಟ ಸೂತ್ರದ ಪ್ರಕಾರ 30 ಅಂಕಿಗಳಿಗೆ ಸುಮಾರು ಆರು ವರ್ಗಗಳು ಸಾಕು. 37ನ್ನು 6ರಿಂದ ಭಾಗಿಸಿದರೆ ಆರಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಗಾತ್ರ 7 ಇಡಬೇಕು. ಆದರೆ 58–64, 65–71 ಎಂಬಂತಹ ಗುಂಪುಗಳು ಓದುವವರಿಗೆ ಕಿರಿಕಿರಿ. ಸೂತ್ರ ದಾರಿ ತೋರಿಸಲಿ, ಕೈಕಟ್ಟುವುದು ಬೇಡ. ನಾನು 5ನ್ನೇ ಆರಿಸುತ್ತೇನೆ. ಒಂಬತ್ತು ಸಾಲುಗಳಾಗುತ್ತವೆ, ಆಗಲಿ.

ಎಲ್ಲ ವರ್ಗಗಳ ಗಾತ್ರವೂ ಒಂದೇ ಇರಲೇಬೇಕೇ? ಒಂದು ಗುಂಪು 5ರದ್ದು, ಪಕ್ಕದ್ದು 15ರದ್ದು ಆದರೆ, ಅಗಲವಿರುವ ಕಾರಣಕ್ಕೇ ಎರಡನೆಯದರಲ್ಲಿ ಹೆಚ್ಚು ಅಂಕಿಗಳು ಬಂದು ಬೀಳುತ್ತವೆ. ಆಮೇಲೆ ಎರಡರ ಆವೃತ್ತಿಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ.

ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನೂ ಇಲ್ಲಿಯೇ ವಿಚಾರಿಸಿಕೊಳ್ಳಿ. ನಾಡಿಯನ್ನು ಅನೇಕರು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿಬಿಡುತ್ತಾರೆ. ಹಾಗೆ ಮಾಡಿದ್ದರೆ 60, 64, 68, 72, 76, 80 ಹೀಗೆ ನಾಲ್ಕರ ಗುಣಕಗಳಷ್ಟೇ ಬರುತ್ತವೆ. ಅಂಥ ದತ್ತಾಂಶಕ್ಕೆ 5ರ ಗಾತ್ರ ಇಟ್ಟರೆ 60–64ರೊಳಗೆ ಎರಡು ಬೆಲೆಗಳಿಗೆ ಜಾಗವಿದೆ. 65–69, 70–74, 75–79ರಲ್ಲಿ ಒಂದೊಂದಕ್ಕೇ. 80–84ರಲ್ಲಿ ಮತ್ತೆ ಎರಡಕ್ಕೆ. ಜನರ ನಾಡಿಯಲ್ಲಿ ಇಲ್ಲದ ಉಬ್ಬುತಗ್ಗುಗಳು ಪಟ್ಟಿಯಲ್ಲಿ ಎದ್ದು ಕಾಣುತ್ತವೆ! ಆಗ 4 ಅಥವಾ 8ರ ಗಾತ್ರವೇ ಸರಿ. ನಮ್ಮದು ಪೂರ್ತಿ ನಿಮಿಷದ ಎಣಿಕೆಯಾದ್ದರಿಂದ ಈ ತೊಂದರೆ ಇಲ್ಲ.

ಮಿತಿಗಳು ಮತ್ತು ಎಣಿಕೆ

ಅತಿ ಚಿಕ್ಕ ಅಂಕಿ 58 ಎಂದು 58ರಿಂದಲೇ ಶುರುಮಾಡಬೇಕಿಲ್ಲ, 55ರಿಂದ ಹೊರಡಿ. 55–59, 60–64, 65–69 ಹೀಗೆ ಸಾಗಿ 95–99ಕ್ಕೆ ನಿಲ್ಲಿ. 59ರಲ್ಲಿ 55 ಕಳೆದು ಗಾತ್ರ 4 ಎಂದುಕೊಳ್ಳುವವರು ಬಹಳ. ಬೆರಳು ಮಡಚಿ ನೋಡಿ: 55, 56, 57, 58, 59. ಐದು.

ಪೂರ್ಣಸಂಖ್ಯೆಗಳಿಗೆ ಈ ಕ್ರಮ ಸಾಕು. ಎತ್ತರ, ತೂಕಗಳಲ್ಲಿ 64.5ರಂಥ ಬೆಲೆ ಬಂದರೆ ಅದಕ್ಕೆ 64ರ ಗುಂಪೂ ಇಲ್ಲ, 65ರ ಗುಂಪೂ ಇಲ್ಲ. ಅಲ್ಲಿ 60–65, 65–70 ಎಂದು ಬರೆದು, ಸರಿಯಾಗಿ 65 ಬಂದರೆ 65–70ರ ಗುಂಪಿಗೆ ಸೇರಿಸುವುದು ರೂಢಿ.

ಇನ್ನು ತಾಳೆ ಗುರುತು. ಒಂದೊಂದು ಗುಂಪಿಗೂ ಇಡೀ ಪಟ್ಟಿಯನ್ನು ಜಾಲಾಡಬೇಡಿ. ಒಂಬತ್ತು ಸಲ ಓದಬೇಕಾಗುತ್ತದೆ, ಕಣ್ಣು ತಪ್ಪುತ್ತದೆ. ಬದಲಿಗೆ ಮೊದಲ ಅಂಕಿ 72ನ್ನು ಓದಿ, 70–74ರ ಮುಂದೆ ಒಂದು ಗೀಟು ಎಳೆದು, 72ನ್ನು ಹೊಡೆದುಹಾಕಿ. ಮುಂದಿನದು 65. ಹೀಗೆಯೇ ಕೊನೆಯ 60ರವರೆಗೆ. ನಾಲ್ಕು ಗೀಟುಗಳಾದ ಮೇಲೆ ಐದನೆಯದನ್ನು ಅವುಗಳ ಮೇಲೆ ಅಡ್ಡವಾಗಿ ಎಳೆದರೆ ಐದೈದರ ಕಟ್ಟುಗಳಾಗುತ್ತವೆ, ಎಣಿಸುವುದು ಹಗುರ.

| ವರ್ಗಾಂತರ | ಆವೃತ್ತಿ |
|---|---|
| 55–59 | 1 |
| 60–64 | 2 |
| 65–69 | 5 |
| 70–74 | 8 |
| 75–79 | 6 |
| 80–84 | 4 |
| 85–89 | 2 |
| 90–94 | 1 |
| 95–99 | 1 |
| ಒಟ್ಟು | 30 |

ಮೊತ್ತ 30 ಬರದಿದ್ದರೆ ಎಲ್ಲೋ ಎಡವಿದ್ದೀರಿ. ಬಂದರೂ ಪೂರ್ತಿ ನಿಶ್ಚಿಂತೆ ಬೇಡ: 69ನ್ನು 70ರ ಗುಂಪಿಗೆ ಹಾಕಿದ್ದರೂ ಮೊತ್ತ ಬದಲಾಗುವುದಿಲ್ಲ. ಗುಂಪಿನ ಅಂಚಿನಲ್ಲಿರುವ ಅಂಕಿಗಳನ್ನು ಇನ್ನೊಮ್ಮೆ ನೋಡಿಬಿಡಿ. ನಡುವೆ ಯಾವುದಾದರೂ ವರ್ಗ ಖಾಲಿ ಉಳಿದರೆ ಸೊನ್ನೆ ಬರೆಯಿರಿ. ಆ ಸಾಲನ್ನೇ ತೆಗೆದುಹಾಕಿದರೆ ಅಂತರ ಸಮವಾಗಿ ಉಳಿಯುವುದಿಲ್ಲ.

ಈಗ ಉತ್ತರ ಕಣ್ಣೆದುರಿಗಿದೆ. ಮೂವತ್ತರಲ್ಲಿ 19 ಮಂದಿ 65ರಿಂದ 79ರೊಳಗಿದ್ದಾರೆ. 85 ಮತ್ತು ಅದಕ್ಕಿಂತ ಮೇಲಿನವರು ನಾಲ್ವರೇ. ಇದಕ್ಕೆ ನಾವು ತೆತ್ತ ಬೆಲೆಯೂ ಇದೆ, 70–74ರ ಎಂಟು ಮಂದಿಯ ನಿಖರ ಅಂಕಿಗಳು ಪಟ್ಟಿಯಲ್ಲಿ ಉಳಿದಿಲ್ಲ. ಪ್ರತಿ ವರ್ಗದ ಮಧ್ಯಬಿಂದುವನ್ನು (57, 62, 67...) ಅದರ ಆವೃತ್ತಿಯಿಂದ ಗುಣಿಸಿ, ಬಂದದ್ದನ್ನೆಲ್ಲ ಕೂಡಿ 30ರಿಂದ ಭಾಗಿಸಿದರೆ ಸರಾಸರಿ 74.83 ಬರುತ್ತದೆ. ಮೂಲ ಅಂಕಿಗಳ ಸರಾಸರಿ 74.7. ಅಗ್ಗದ ಬೆಲೆಯೇ ಅನ್ನಿ.

ಅಂಕಿಗಳು ನೂರಾರಿದ್ದರೆ ಕಂಪ್ಯೂಟರೇ ಗತಿ. ಎಕ್ಸೆಲ್‌ನ ಫ್ರೀಕ್ವೆನ್ಸಿ ಸೂತ್ರಕ್ಕೆ ವರ್ಗಗಳ ಮೇಲ್ಮಿತಿಗಳನ್ನು, ಅಂದರೆ 59, 64, 69 ಎಂದು ಕೊಡಬೇಕು. ಅದು ಮೇಲ್ಮಿತಿಯನ್ನೂ ಅದೇ ಗುಂಪಿನೊಳಗೆ ಎಣಿಸುತ್ತದೆ. ಆದ್ದರಿಂದ 60–65, 65–70 ಎಂಬ ಕ್ರಮದಲ್ಲಿ 65 ಎಂದು ಕೊಟ್ಟರೆ, ಸರಿಯಾಗಿ 65 ಇರುವವರು ನಮ್ಮ ರೂಢಿಗೆ ವಿರುದ್ಧವಾಗಿ 60–65ರ ಗುಂಪಿಗೆ ಹೋಗಿಬಿಡುತ್ತಾರೆ.